ಕೀಲಿ ಹಾಕಿಲ್ಲ ಎಂಬ ಹಾಡು

ಫೆಬ್ರವರಿ 4, ಆದಿತ್ಯವಾರ

ರೈಲ್ವೆ ಯೂನಿಯನ್ನಿನವರು ಹೊಸ ವರ್ಷಕ್ಕೆ ಕೊಡುವ ಡೈರಿಯಲ್ಲಿ ನನ್ನ ಹೆಂಡತಿ ಪೂನಮ್ ಕಿರಾಣಿ ಪಟ್ಟಿ ಬರೆಯುತ್ತಿದ್ದಳು. ಈ ವರ್ಷ ಅದು ನನ್ನ ಪಾಲಿಗೆ ಬಂದಿದೆ. ನಿನ್ನೆ ಅವಳ ತಮ್ಮ ದೇವಿಂದ್ರ ಬಂದು ಅವಳನ್ನು ಚಿಂಚೋಳಿಗೆ, ತವರಿಗೆ, ಕರೆದುಕೊಂಡು ಹೋದ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಗೋಡೆಯ ಜೊತೆ ಮಾತಾಡಿದರೆ ಪಕ್ಕದ ಕ್ವಾರ್ಟರ್ಸಿನ ಲಾಲಮ್ಮ ಅತ್ತಿ ಹುಚ್ಚು ಹಿಡಿಯಿತು ಎನ್ನುತ್ತಾಳೆ. ಅದಕ್ಕೆ ಬರೆಯುತ್ತಿದ್ದೇನೆ.

ಜನವರಿ ಹನ್ನೊಂದಕ್ಕೆ ನಮ್ಮ ಕೂಸು ಐದು ತಿಂಗಳಿಗೇ ಹೊಟ್ಟೆಯಲ್ಲಿ ಹೋಯಿತು. ಈ ಒಂದು ಸಾಲು ಬರೆಯಲು ಅರ್ಧ ತಾಸು ಹಿಡಿಯಿತು. ದವಾಖಾನೆಯಿಂದ ಬಂದ ಮೂರನೇ ದಿನ ನಾನು ಡ್ಯೂಟಿಗೆ ಹೋದೆ. ನಾನು ಕೀಮ್ಯಾನ್. ವಾಡಿಯಿಂದ ಚಿತ್ತಾಪುರದ ಕಡೆಗೆ ಆರು ಕಿಲೋಮೀಟರ್ ಹಳಿ ನನ್ನದು. ದಿನಾ ಅದರ ಗುಂಟ ನಡೆದು, ಸಡಿಲಾದ ಕ್ಲಿಪ್ಪು ಕಂಡರೆ ಸುತ್ತಿಗೆಯಿಂದ ಬಡಿದು ಕೂಡಿಸಬೇಕು. ನಾನು ಒಂದು ದಿನ ತಪ್ಪಿದರೆ ಇನ್ನೊಬ್ಬ ನಡೆಯುತ್ತಾನೆ, ರೈಲೇನೂ ನಿಲ್ಲುವುದಿಲ್ಲ. ಆದರೂ ಹೋದೆ. ಪೂನಮ್ ಏನೂ ಅನ್ನಲಿಲ್ಲ. ನಾನೂ ಏನೂ ಕೇಳಲಿಲ್ಲ.

ಒಂದೂವರೆ ತಿಂಗಳು ಸುಧಾರಿಸಿಕೊಳ್ಳಲಿ ಎಂದು ಮಾವ ಹೇಳಿ ಕಳಿಸಿದ್ದಾರೆ. ನಮ್ಮಲ್ಲಿ ತವರಿಗೆ ಹೋದ ಹೆಣ್ಣು ತಾನಾಗಿ ಬ್ಯಾಗು ಹಿಡಿದು ವಾಪಸ್ ಬರುವುದಿಲ್ಲ. ಗಂಡನ ಮನೆಯವರು ಹೋಗಿ, ಅವರ ಮನೆಯಲ್ಲಿ ಕುಳಿತು, ಕರೆಯಬೇಕು. ನನಗೆ ಅಪ್ಪ ಅವ್ವ ಇಲ್ಲ, ನಾನೇ ಹೋಗಬೇಕು. ಅದೇನು ದೊಡ್ಡ ಮಾತಲ್ಲ. ಸೇಡಂವರೆಗೆ ರೈಲು, ಅಲ್ಲಿಂದ ಬಸ್ಸು. ಹಗಲು ಹೋಗಿ ಹಗಲೇ ಬರಬಹುದು. ಮಾರ್ಚ್ 17 ಆದಿತ್ಯವಾರ ನನ್ನ ವಾರದ ರಜೆ. ಆ ದಿನಕ್ಕೆ ಗುರುತು ಹಾಕಿದ್ದೇನೆ.

ಮನೆಯ ಕೀಲಿಕೈ ಅವಳ ಪರ್ಸಿನಲ್ಲೇ ಹೋಗಿದೆ. ನನ್ನದನ್ನು ಹೋದ ವರ್ಷವೇ ಹಳಿಯ ಜಲ್ಲಿಯಲ್ಲಿ ಕಳೆದಿದ್ದೆ. ನಾಳೆಯಿಂದ ಕೀಲಿ ಹಾಕದೆ, ಬಾಗಿಲನ್ನು ಬರೀ ಎಳೆದು ಮುಂದೆ ಮಾಡಿ ಡ್ಯೂಟಿಗೆ ಹೋಗಬೇಕು.

ಫೆಬ್ರವರಿ 9

ಫೋನ್ ಮಾಡಿದೆ. "ಉಂಡೀರೇನ್ರಿ?" ಎಂದಳು. "ಉಂಡೆ. ನೀ?" ಎಂದೆ. "ಉಂಡೆ." ಇಬ್ಬರೂ ಉಂಡಿದ್ದೆವು. ಇನ್ನೇನು ಮಾತಾಡುವುದು ತಿಳಿಯದೆ ಇಟ್ಟುಬಿಟ್ಟೆವು.

ನಾನು ಉಂಡಿರಲಿಲ್ಲ.

ಫೆಬ್ರವರಿ 18, ಆದಿತ್ಯವಾರ

ಲಾಲಮ್ಮ ಅತ್ತಿ ಬೈದಳು. "ಕೀಲಿ ಇಲ್ದ ಮನಿ ಬಿಟ್ಟು ಹೋಗ್ತೀಯಲ್ಲೋ ತಮ್ಮಾ, ನಾ ಏನ್ ನಿನ್ ಮನಿ ಚೌಕೀದಾರ್ತಿ ಏನು?" ಹೀಗನ್ನುತ್ತಾಳೆ, ದಿನವಿಡೀ ನನ್ನ ಬಾಗಿಲ ಕಡೆ ಮುಖ ಮಾಡಿಯೇ ಕಾಳು ಹಸನು ಮಾಡುತ್ತಾಳೆ.

ನಿನ್ನೆ ಡ್ಯೂಟಿ ಮುಗಿಸಿ ಬಂದಾಗ ಗಾಳಿಗೆ ಬಾಗಿಲು ಪೂರ್ತಿ ತೆರೆದಿತ್ತು. ಒಂದು ಕ್ಷಣ, ಒಂದೇ ಕ್ಷಣ, ಅವಳು ಬಂದಿದ್ದಾಳೆ ಎಂದುಕೊಂಡೆ. ಓಡಿದೆ. ಒಳಗೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಸಿಮೆಂಟಿನ ಊರಿನ ಧೂಳು, ಎಷ್ಟು ಒರೆಸಿದರೂ ಅಷ್ಟೇ. ಹೊಸ್ತಿಲ ಮೇಲೆ ಕುಳಿತು ಅತ್ತೆ. ಅವಳಿಲ್ಲದೆ ನನಗೆ ಆಗುವುದಿಲ್ಲ. ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ, ಇಲ್ಲಿ ಬರೆಯಲು ಬರುತ್ತದೆ.

ಹಳಿಯ ಮೇಲೆ ನಡೆಯುವಾಗ ಕಾಲಿಗೆ ತಾನೇ ಒಂದು ತಾಳ ಸಿಕ್ಕಿಬಿಡುತ್ತದೆ, ಹಳಿಯಡಿಯ ಒಂದು ಅಡ್ಡ ಸ್ಲೀಪರಿನಿಂದ ಇನ್ನೊಂದಕ್ಕೆ. ಮೊದಲು ಬಾಬಾಸಾಹೇಬರ ಭೀಮಗೀತೆ ಹಾಡುತ್ತಾ ನಡೆಯುತ್ತಿದ್ದೆ. ಇವತ್ತು ಅಂಗಳದಲ್ಲಿ ಅತ್ತಿತ್ತ ಅದೇ ನಡಿಗೆ ನಡೆಯುತ್ತಿರುವಾಗ ಎರಡು ಸಾಲು ಬಂದವು:

ಕೀಲಿ ಹಾಕಿಲ್ಲ ಗೆಳತಿ, ಬಾಗಿಲ ಮುಂದ ಮಾಡೀನಿ
ಗಾಳಿ ದೂಡಿದರೂ ಸಾಕ, ನೀನಂತ ಎದ್ದೀನಿ

ಬರೆದಿಟ್ಟಿದ್ದೇನೆ. ಕೆಟ್ಟದಿಲ್ಲ.

ಮಾರ್ಚ್ 3, ಆದಿತ್ಯವಾರ

ಶಹಾಬಾದಿಗೆ ಹೋಗಿದ್ದೆ. ನನ್ನ ಹಳೆಯ ಗೆಳೆಯ ತಾರೀಕ ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಹಿಂದಿನ ಖೋಲಿಯಲ್ಲಿ ಮೈಕು, ಕಂಪ್ಯೂಟರು. ಅದನ್ನು ಸ್ಟುಡಿಯೋ ಅನ್ನುತ್ತಾನೆ. ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ಅವನ ದನಿಯಲ್ಲಿ ಸಣ್ಣದೊಂದು ಒಡಕಿದೆ, ಜ್ವರ ಬಿಟ್ಟ ಮೇಲಿನ ದನಿಯ ಹಾಗೆ. ಮದುವೆ ಆರ್ಕೆಸ್ಟ್ರಾದವರಿಗೆ ಅದು ಹಿಡಿಸಲಿಲ್ಲ, ನನಗೆ ಹಿಡಿಸುತ್ತದೆ.

ಸಾಲು ಹೇಳಿದೆ. ಅವನು ಕಣ್ಣು ಮುಚ್ಚಿ ಎರಡು ಸಲ ಗುನುಗಿದ. ಮೂರನೇ ಸಲ 'ಗೆಳತಿ' ಎನ್ನುವಲ್ಲಿ ದನಿ ಕೆಳಗಿಳಿಸಿದ. ಇನ್ನೊಮ್ಮೆ ಹಾಡು ಎಂದೆ.

"ಯಾರಿಗಿ ಬರ್ದಿ ಭಾಯ್? ಭಾಬಿಗಿ?"

"ಹೂಂ."

"ಆಕಿಗಿ ಗೊತ್ತದ?"

"ಪೂರಾ ಆಗ್ಲಿ. ಆಮ್ಯಾಲ ಕೇಳಸ್ತೀನಿ."

ಎರಡು ಚರಣ ಬೇಕು ಎಂದ. ಬರುವಾಗ ರೈಲಿನ ಬಾಗಿಲಲ್ಲಿ ನಿಂತು ಹಾಡಿಕೊಂಡೇ ಬಂದೆ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ 15

ಮಾವ ಚಂದ್ರಾಮ ಅವರ ಫೋನು. "ಆಕಿ ಈಗ ಆರಾಮ ಅದಾಳ. ಆದಿತ್ಯಾರ ಬರ್ತೀರೇನು?" ಎಂದರು. ಬರುತ್ತೇನೆ ಎಂದೆ. ಮೊದಲನೇ ಚರಣ ನಾಲ್ಕು ಸಾಲು ಆಗಿದೆ, ಕಡೆಯದು ಕುಂಟುತ್ತಿದೆ. ಪೂನಮ್‌ಗೆ ಫೋನ್ ಮಾಡಬೇಕೆಂದಿದ್ದೆ. ಸಾಲು ಕೈತಪ್ಪಿ ಹೋಗುತ್ತದೆಂದು ಅದನ್ನು ಹಿಡಿದು ಕುಳಿತೆ.

ಮಾರ್ಚ್ 17, ಆದಿತ್ಯವಾರ

ಹೋಗಲಾಗಲಿಲ್ಲ. ತಾರೀಕ ಬೆಳಿಗ್ಗೆಯೇ ಫೋನ್ ಮಾಡಿ ರಾಗ ಕೂಡಿತು ಎಂದ. ಮಾವನಿಗೆ ಡ್ಯೂಟಿ ಬಿತ್ತು ಎಂದು ಹೇಳಿದೆ. ಸಣ್ಣ ಸುಳ್ಳು. ಮುಂದಿನ ವಾರ ಹೋದರಾಯಿತು, ಚಿಂಚೋಳಿ ಎಲ್ಲಿಗೂ ಓಡಿಹೋಗುವುದಿಲ್ಲ.

ನಿಜ ಹೇಳಬೇಕೆಂದರೆ ಅವಳು ಬಂದುಬಿಟ್ಟರೆ ಈ ಹಾಡು ಹೀಗೆ ಇರುವುದಿಲ್ಲ ಎಂಬ ಹೆದರಿಕೆಯೂ ಸ್ವಲ್ಪ ಇದೆ. ಇದು ಮುಗಿಯಲಿ, ಹಾಡನ್ನೇ ಕೈಯಲ್ಲಿ ಹಿಡಿದು ಹೋಗುತ್ತೇನೆ. ಬರಿಗೈಯಲ್ಲಿ ಹೋಗುವುದಕ್ಕಿಂತ ಅದು ಚೆಂದ.

ಮಾರ್ಚ್ 24, ಆದಿತ್ಯವಾರ

ಶಹಾಬಾದಿನ ಮನೆಗಳಿಗೆ ಕೆಳಗೂ ಫರಸಿ ಕಲ್ಲು, ಗೋಡೆಗೂ ಫರಸಿ ಕಲ್ಲು. ಹಾಡಿದರೆ ದನಿ ತಿರುಗಿ ಬಂದು ಮೈಕಿನಲ್ಲಿ ಬೀಳುತ್ತದೆ. ಗೋಡೆಗೆ ತೂಗುಹಾಕಲು ಕೌದಿ ಬೇಕು ಎಂದು ತಾರೀಕ ಕೇಳಿದ್ದ. ಮನೆಯಲ್ಲಿದ್ದ ಎರಡು ದೊಡ್ಡವು ಮತ್ತು ಪೆಟ್ಟಿಗೆಯಲ್ಲಿದ್ದ ಸಣ್ಣದೊಂದನ್ನು ಒಯ್ದೆ. ಸಣ್ಣದು ಪೂನಮ್ ಡಿಸೆಂಬರಿನಲ್ಲಿ ಹಳೆಯ ಸೀರೆ ಕೂಡಿಸಿ ಹೊಲಿದದ್ದು, ಒಂದು ಅಂಚು ಇನ್ನೂ ಬಾಕಿ. ಮೈಕಿನ ಹಿಂದೆ ಅಳತೆ ಮಾಡಿದಂತೆ ಕೂತಿತು. ದನಿ ಈಗ ಬಹಳ ಸ್ವಚ್ಛ.

ತಾರೀಕ ತನ್ನ ಹಳೆಯ ಕ್ಯಾಸಿಯೋ ಕೀಬೋರ್ಡು ಕೊಟ್ಟು ಕಳಿಸಿದ್ದಾನೆ, ಮನೆಯಲ್ಲಿ ರಾಗ ಹಿಡಿದು ನೋಡಲು.

ಮಾರ್ಚ್ 26

ಬಜಾರಿನಿಂದ ಹೊಸ ಕೀಲಿ ತಂದು ಬಾಗಿಲಿಗೆ ಹಾಕಿದೆ. ಮನೆಯಲ್ಲಿ ಕ್ಯಾಸಿಯೋ ಇದೆ, ಇನ್ನೊಬ್ಬರ ವಸ್ತು.

ಏಪ್ರಿಲ್ 9

ಯುಗಾದಿ. ಬೇವು ಬೆಲ್ಲ ಲಾಲಮ್ಮ ಅತ್ತಿ ಕೊಟ್ಟಳು. ಪೂನಮ್ ಎರಡು ಸಲ ಫೋನ್ ಮಾಡಿದ್ದಾಳೆ, ನಾನು ಹಳಿಯ ಮೇಲಿದ್ದೆ. ಸಂಜೆ ತಿರುಗಿ ಮಾಡಿದರೆ ಅವಳ ಅವ್ವ ಎತ್ತಿ, ಗುಡಿಗೆ ಹೋಗಿದ್ದಾಳೆ ಎಂದರು. ಎರಡನೇ ಚರಣ ಬರುತ್ತಿಲ್ಲ. ಏಳು ಸಲ ಬರೆದು ಹರಿದೆ. ಎಲ್ಲದರಲ್ಲೂ ಬರೀ ಬೆಳದಿಂಗಳು ಮತ್ತು ಕಣ್ಣೀರು, ಯಾರು ಬೇಕಾದರೂ ಬರೆಯುವಂಥದ್ದು. ತಾರೀಕ ಒಂದೇ ಮಾತಿನಲ್ಲಿ ತೆಗೆದುಹಾಕಿದ: "ಇದ್ರಾಗ ನೀ ಇಲ್ಲ ಭಾಯ್."

ಏಪ್ರಿಲ್ 14

ಬಾಬಾಸಾಹೇಬರ ಜಯಂತಿ. ಮೆರವಣಿಗೆಯಲ್ಲಿ ಗಂಟಲು ಬೀಳುವವರೆಗೆ ಹಾಡಿದೆ. ಹೋದ ವರ್ಷ ಪೂನಮ್ ನೀಲಿ ಅಂಚಿನ ಬಿಳಿ ಸೀರೆ ಉಟ್ಟು ಹೆಂಗಸರ ಸಾಲಿನಲ್ಲಿ ಮುಂದೆ ಇದ್ದಳು, ತಿರುಗಿ ತಿರುಗಿ ನನ್ನನ್ನು ನೋಡುತ್ತಿದ್ದಳು. ಇವತ್ತು ಆ ಸಾಲಿನ ಕಡೆ ನೋಡಲಾಗಲಿಲ್ಲ. ಮನೆಗೆ ಬಂದು ಅದನ್ನೇ ಚರಣ ಮಾಡಲು ನೋಡಿದೆ. ಆಗಲಿಲ್ಲ.

ಏಪ್ರಿಲ್ 22

ನಿನ್ನೆ ಆದಿತ್ಯವಾರ ನಾನು ಶಹಾಬಾದಿನಲ್ಲಿದ್ದಾಗ ಪೂನಮ್ ಬಂದಿದ್ದಳು.

ರಾತ್ರಿ ನಾನು ತಡವಾಗಿ ಬಂದು ನಸುಕಿಗೇ ಡ್ಯೂಟಿಗೆ ಹೋಗಿದ್ದೆ. ಇವತ್ತು ಡ್ಯೂಟಿಯಿಂದ ಬಂದಾಗ ಲಾಲಮ್ಮ ಅತ್ತಿ ಬಾಗಿಲಲ್ಲೇ ತಡೆದು, ಬುತ್ತಿ ಗಂಟೊಂದನ್ನು ಕೈಗಿಟ್ಟಳು.

"ನಿನ್ನೆ ನಿನ್ ಹೇಣ್ತಿ ಬಂದಿದ್ಲು. ಒಬ್ಬಾಕಿನೇ, ಬ್ಯಾಗ್ ಹಿಡ್ಕೊಂಡು. ಅಪ್ಪಗ ಸೇಡಂಕ ಹೋಗ್ತೀನಂತ ಹೇಳಿ ಬಂದಿದ್ಲಂತ."

"ಫೋನ್ ಯಾಕ ಮಾಡ್ಲಿಲ್ಲ ಅತ್ತಿ?"

"ಫೋನ್ ಮಾಡಬ್ಯಾಡಂತ ಆಣಿ ಹಾಕಿದ್ಲೋ. ಅವರಿಗಿ ಹೇಳ್ದೇ ಬಂದೀನಿ, ಅವರಾಗೇ ಬಂದು ನೋಡ್ಲಿ ಅಂದ್ಲು. ಕೀಲಿಗಿ ಎರಡ್ ಸಲ ಕೀಲಿಕೈ ಹಾಕಿ ನೋಡಿದ್ಲು. ಹೊಸಾದು ತಂದಾನವ್ವ, ತಿಂಗಳಾಯ್ತು ಅಂದೆ. ಯಾಕ ಅಂದ್ಲು. ಏನೋ ಬಾಜಾ ಇಟ್ಟಾನ ಒಳಗ ಅಂದೆ. ನಕ್ಕಂಗ ಮಾಡಿದ್ಲು. ನಾಕ್ ಗಂಟಿ ತನಕ ನಿನ್ ಕಟ್ಟಿ ಮ್ಯಾಲೇ ಕುಂತಿದ್ಲು, ನಮ್ ಮನಿಗಿ ಬಾ ಅಂದ್ರ ಬರ್ಲಿಲ್ಲ. ಆಮ್ಯಾಲ ಗಾಡಿ ಹೊತ್ತಾಯ್ತಂತ ಎದ್ದು ಹೋದ್ಲು."

ಯಾರೂ ಕರೆಯದೆ ಬಂದಿದ್ದಳು. ಮಾವನಿಗೆ ಸುಳ್ಳು ಹೇಳಿ, ಜನ ಆಡಿಕೊಂಡರೆ ಆಡಿಕೊಳ್ಳಲಿ ಎಂದು ಬಂದಿದ್ದಳು. ನಾನು ಕಟ್ಟೆಯ ಮೇಲೆ ಕುಳಿತೆ. ಧೂಳಿನಲ್ಲಿ ಅವಳು ಕುಳಿತಿದ್ದ ಜಾಗ ಇನ್ನೂ ಅಳಿಸಿರಲಿಲ್ಲ. ಅದರ ಮೇಲೆ ಕೈ ಇಟ್ಟೆ. ಇಷ್ಟು ಸಂಕಟ ನನಗೆ ದವಾಖಾನೆಯಲ್ಲೂ ಆಗಿರಲಿಲ್ಲ.

ಆಗ ಬಂತು. ಪೂರ್ತಿ ಚರಣ, ತಡೆಯಿಲ್ಲದೆ, ರಾಗದ ಸಮೇತ. ಒಳಗೆ ಓಡಿ ಪೆನ್ನು ತಂದೆ:

ನೀ ಬಂದ ದಿನವೇ ನಾ ಊರಾಗ ಇರಲಿಲ್ಲ
ಕಟ್ಟಿ ಮ್ಯಾಲಿನ ಧೂಳ ನೀ ಕುಂತದ್ದ ಮರತಿಲ್ಲ
ನಿನ್ನ ನೆರಳಿಗಿ ಕೇಳೀನಿ, ಯಾವ ದಾರಿ ಹಿಡದಾಳ
ನೆರಳಂತು ನಿನ್ನಂಗ, ಮಾತೊಂದು ಆಡಿಲ್ಲ

ಬುತ್ತಿಯಲ್ಲಿ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಚಟ್ನಿಪುಡಿ ಇತ್ತು. ರೊಟ್ಟಿ ಒಣಗಿ ಕಟಕಟಿ ಆಗಿತ್ತು. ಹಿಂಡಿ ಹಚ್ಚಿಕೊಂಡು ತಿನ್ನುತ್ತಾ ತಿದ್ದಿದೆ. ಕತ್ತಲಾಗುವ ಮುಂಚೆ ಮುಗಿಯಿತು. ತಾರೀಕನಿಗೆ ಫೋನಿನಲ್ಲೇ ಹಾಡಿ ಕೇಳಿಸಿದೆ. ಬರುವ ಆದಿತ್ಯವಾರವೇ ರೆಕಾರ್ಡಿಂಗ್ ಎಂದ.

ನಾಳೆ ಪೂನಮ್‌ಗೆ ಫೋನ್ ಮಾಡಬೇಕು.

ಏಪ್ರಿಲ್ 28, ಆದಿತ್ಯವಾರ

ರೆಕಾರ್ಡಿಂಗ್ ಮುಗಿಯಿತು. ಆದರೆ ಮನಸ್ಸು ಕೆಟ್ಟಿತು.

ಹಾಡಿ ಮುಗಿಸಿದ ಮೇಲೆ ತಾರೀಕ ಕೇಳಿದ, "ಕೀಲಿ ಹಾಕಿಲ್ಲ ಅಂತೀ. ಮತ್ತ ಆಕಿ ಬಂದಾಗ ಒಳಗ ಯಾಕ ಹೋಗ್ಲಿಲ್ಲ?"

"ಕೇಳೋರು ಅದೆಲ್ಲ ಕೇಳಂಗಿಲ್ಲ ಬಿಡು."

"ನಾ ಕೇಳ್ಲಾಕತ್ತೀನಿ."

ನಡೆದದ್ದನ್ನು ಹೇಳಿದೆ. ಅವನು ಕಿವಿಯ ಮೇಲಿನ ಹೆಡ್‌ಫೋನ್ ತೆಗೆದಿಟ್ಟ. "ಆಕಿ ಬಂದು ಹೋಗಿ ಎಂಟ್ ದಿನ ಆಯ್ತು. ನೀ ಇಲ್ಲಿ ಯಾಕ ಅದಿ ಭಾಯ್?"

ನನ್ನ ಹಾಡನ್ನು ನನ್ನ ಕೈಯಲ್ಲೇ ಬರೆಸಿಕೊಂಡು ನನಗೇ ಬುದ್ಧಿ ಹೇಳುತ್ತಾನೆ. ಅವಳು ಸಿಟ್ಟಿನಲ್ಲಿದ್ದಾಳೆ, ಈಗ ಹೋದರೆ ಕೆಲಸ ಕೆಡುತ್ತದೆ, ಹಾಡು ಕೇಳಿದ ಮೇಲೆ ಕರಗುತ್ತಾಳೆ ಎಂದೆ. ತಾರೀಕ ತಂತಿ ಸುತ್ತತೊಡಗಿದ.

ಮೇ 19, ಆದಿತ್ಯವಾರ

ನಮ್ಮಿಬ್ಬರ ಫೋಟೋ ಹಚ್ಚಿ ಯೂಟ್ಯೂಬಿಗೆ ಹಾಕಿದೆವು. ಮೊದಲು ಪೂನಮ್‌ಗೆ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ಜೂನ್ 8

ಇದನ್ನು ನಂಬಲಾಗುತ್ತಿಲ್ಲ. ಸ್ಟೇಷನ್ನಿನ ಚಹಾದ ಅಂಗಡಿಯಲ್ಲಿ ನನ್ನ ಹಾಡು, ಆಟೋದಲ್ಲಿ ನನ್ನ ಹಾಡು. ಹುಡುಗಿಯರು ಬಾಗಿಲ ಹತ್ತಿರ ನಿಂತು ಅದಕ್ಕೆ ರೀಲ್ಸ್ ಮಾಡುತ್ತಿದ್ದಾರೆ. ಹುಬ್ಬಳ್ಳಿ, ಮೈಸೂರು ಕಡೆಯವರೂ ನಮ್ಮ ಭಾಷೆಯಲ್ಲೇ 'ಎದ್ದೀನಿ' ಎಂದು ಹಾಡುತ್ತಾರೆ. ಗೂಡ್ಸ್ ಗಾಡಿಯ ಡ್ರೈವರೊಬ್ಬರು ನನ್ನನ್ನು ಗುರುತು ಹಿಡಿದು ಹಾರ್ನ್ ಹೊಡೆದು ಕೈ ಬೀಸಿದರು. ಹಳಿಯ ಬದಿಯಲ್ಲಿ ಹಸಿರು ಬಾವುಟ ಹಿಡಿದು ನಿಂತವನಿಗೆ ಅದೇನು ಸಣ್ಣ ಮಾತೇ?

ಪೂನಮ್ ಇನ್ನೂ ಏನೂ ಬರೆದಿಲ್ಲ.

ಜೂನ್ 22

ಕಲಬುರಗಿಯಿಂದ ಒಂದು ಚಾನೆಲ್ಲಿನ ಹುಡುಗಿ ಕ್ಯಾಮೆರಾ ಹಿಡಿದು ಮನೆಗೇ ಬಂದಳು. "ಈ ಹಾಡಿನ ಹಿಂದಿನ ಕಥೆ ಹೇಳ್ರಿ ಸರ್" ಎಂದಳು. ಹೆಂಡತಿ ತವರಿಗೆ ಹೋಗಿದ್ದಳು, ಅವಳು ಯಾವಾಗ ಬೇಕಾದರೂ ಬರಲಿ ಎಂದು ದಿನಾ ಬಾಗಿಲಿಗೆ ಕೀಲಿ ಹಾಕದೆ ಡ್ಯೂಟಿಗೆ ಹೋಗುತ್ತಿದ್ದೆ ಎಂದೆ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಹೇಳುವಾಗ ನನಗೂ ಅದು ನಿಜವೇ ಅನಿಸಿತು. ಬಾಗಿಲ ಹತ್ತಿರ ನಿಲ್ಲಿಸಿ ಫೋಟೋ ತೆಗೆಯುವ ಮುಂಚೆ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ.

"ಈಗ ಎಲ್ಲಿ ಅದಾರ್ರಿ ಅವ್ರು?" ಎಂದಳು. ಬರ್ತಾಳ ಎಂದೆ. ಕಟ್ಟೆಯ ಮೇಲೆ ಕುಳಿತ ಲಾಲಮ್ಮ ಅತ್ತಿ ಮೊರ ಕೆಳಗಿಟ್ಟು ಎದ್ದು ಒಳಗೆ ಹೋದಳು.

ಜೂನ್ 30, ಆದಿತ್ಯವಾರ

ಚಿಂಚೋಳಿಗೆ ಹೋಗಿದ್ದೆ.

ಸೇಡಂ ಬಸ್ಸಿನಲ್ಲಿ ಡ್ರೈವರು ನನ್ನದೇ ಹಾಡು ಹಚ್ಚಿದ್ದ. ಒಳ್ಳೆಯ ಶಕುನ ಎಂದುಕೊಂಡೆ. ಮಾವ ಹೊರಗೆ ಬಂದು, "ಬರ್ರಿ, ಕುಂದ್ರಿ" ಎಂದರು. ಕಾಲಿಗೆ ನೀರು ಕೊಟ್ಟರು. ಎಲ್ಲಾ ಮರ್ಯಾದೆಯೂ ಇತ್ತು, ನೆಂಟರಿಗೆ ಇರುವಂಥದ್ದು. ಓಣಿಯ ಹುಡುಗಿಯರು ಸೆಲ್ಫಿ ತೆಗೆದುಕೊಂಡು ಹೋದ ಮೇಲೆ ಪೂನಮ್ ಚಹಾ ತಂದಳು. ತೆಳ್ಳಗಾಗಿದ್ದಾಳೆ. ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಹೋಗುತ್ತಾಳಂತೆ, ಎರಡು ತಿಂಗಳಾಯಿತು. ನನಗೆ ಗೊತ್ತಿರಲಿಲ್ಲ.

ಮಾವ ಎದ್ದು ಹೊಲದ ಕಡೆ ಹೋದರು. "ಕರಿಲಾಕ ಬಂದೀನಿ" ಎಂದೆ.

"ಹಾಡು ಕೇಳೀನ್ರಿ. ಛಲೋ ಅದ," ಎಂದಳು. ಆಮೇಲೆ, "ಆ ಎರಡನೇ ಚರಣ ಯಾವಾಗ ಬರ್ದಿರಿ?"

"ಲಾಲಮ್ಮ ಅತ್ತಿ ಹೇಳಿದ್ಲಲ್ಲ, ಅವತ್ತೇ. ಸಂಜಿಕಿ ಕುಂತು ಪೂರಾ ಬರ್ದೆ." ಹೇಳುವಾಗ ನನಗೆ ಹೆಮ್ಮೆಯೇ ಆಗಿತ್ತು. ಎಂಥ ಮನುಷ್ಯ ನಾನು.

"ಅವತ್ತ ನಾ ಬಸ್ ಸ್ಟ್ಯಾಂಡಿಗಿ ಎರಡ್ ಸಲ ಹೋಗಿದ್ದೆ. ಅತ್ತಿ ಹೇಳೇ ಹೇಳಿರ್ತಾಳ, ಇವತ್ತರೆ ಬರ್ತಾರ ಅಂತ. ಕಡೀ ಬಸ್ ತನಕ ನಿಂತೆ. ನೀವು ಬರಿಲಾಕತ್ತಿದ್ರಿ."

ಚಹಾದ ಕಪ್ಪು ಕೆಳಗಿಟ್ಟೆ.

"ಊರಿಗೆಲ್ಲ ಕೇಳಂಗ ಕರದ್ರಿ. ನಮ್ ಬಾಗಿಲಿಗಿ ಬಂದು ಕರಿಲಿಲ್ಲ. ಮೆಡಿಕಲ್ಲಿಗಿ ಬರೋರೆಲ್ಲ ಅಂತಾರ, ಎಂಥ ಗಂಡ ಸಿಕ್ಕಾನವ್ವ ನಿನಗ ಅಂತ. ಏನ್ ಹೇಳ್ಲಿ? ಆ ಹಾಡಿನಾಗಿನಾಕಿ ಭಾಳ ಚಂದ ಅದಾಳ್ರಿ. ಮಾತೇ ಆಡಂಗಿಲ್ಲ."

"ತಪ್ಪಾಗ್ಯಾದ ಪೂನಮ್. ನಡಿ ಹೋಗಮು."

"ಜನವರಿದಾಗ ನನಗ ಏನಾಯ್ತು, ಹ್ಯಾಂಗಾಯ್ತು ಅಂತ ಒಂದ್ ಸಲನರೆ ಕೇಳೀರೇನು?" ಅವಳ ದನಿ ಏರಲಿಲ್ಲ. "ನಾ ಬರಂಗಿಲ್ಲ. ಚಹಾ ಆರ್ತದ, ಕುಡೀರಿ."

ಕುಡಿದೆ. ವಾಪಸ್ ಬಂದೆ. ವಾಡಿಗೆ ಬಂದು ಕೀಲಿ ತೆಗೆದು ಒಳಗೆ ಕುಳಿತೆ. ಐದು ತಿಂಗಳಿಂದ ಅವಳು ಬೇಕು ಬೇಕು ಎಂದು ಬರೆದ ಪುಟಗಳನ್ನೆಲ್ಲ ಮೊದಲಿನಿಂದ ಓದಿದೆ. ನಾಚಿಕೆಯಾಯಿತು.

ಜುಲೈ 7, ಆದಿತ್ಯವಾರ

ಒಮ್ಮೆ ಬರುವುದಿಲ್ಲ ಎಂದವಳನ್ನು ಕರೆಯಲು ಗಂಡ ಎರಡನೇ ಸಲ ಹೋಗುವುದು ನಮ್ಮಲ್ಲಿ ಮರ್ಯಾದೆಯ ಮಾತಲ್ಲ. ಹೋದೆ. ಅವಳು ಹೊರಗೆ ಬರಲಿಲ್ಲ. ಮಾವನ ಜೊತೆ ತೊಗರಿ ಬಿತ್ತನೆಯ ಮಾತಾಡಿ ವಾಪಸ್ ಬಂದೆ.

ಜುಲೈ 10

ಡ್ಯೂಟಿ ಮುಗಿಸಿ ಶಹಾಬಾದಿಗೆ ಹೋಗಿ ಸಣ್ಣ ಕೌದಿ ಬಿಚ್ಚಿಕೊಂಡು ಬಂದೆ. ಒಗೆಯದೆ ಹಾಗೇ ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಹೈದರಾಬಾದಿನ ಕಂಪನಿಯವರು ಇನ್ನೊಂದು ಹಾಡು ಕೇಳಿದ್ದಾರೆ ಎಂದು ತಾರೀಕ ಹೇಳಿದ. ನನ್ನ ಮುಖ ನೋಡಿ, "ಇರ್ಲಿ ಭಾಯ್, ನಾ ಹೇಳ್ತೀನಿ ಅವರಿಗಿ" ಎಂದ.

ಜುಲೈ 14, ಆದಿತ್ಯವಾರ

ಹೋಗಿದ್ದೆ. ಮಳೆ. ದೇವಿಂದ್ರ ಬಾಗಿಲು ತೆಗೆದು, ಮುಖ ಗಂಟಿಕ್ಕಿಕೊಂಡೇ ಟವೆಲ್ ಕೊಟ್ಟ.

ಜುಲೈ 21, ಆದಿತ್ಯವಾರ

ಹೋಗಿದ್ದೆ.

ಜುಲೈ 28, ಆದಿತ್ಯವಾರ

ಇವತ್ತು ಮಾವ ಮನೆಯಲ್ಲಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಸುಮಾರು ಹೊತ್ತಾದ ಮೇಲೆ ಪೂನಮ್ ಬಂದು ಬಾಗಿಲಲ್ಲಿ ನಿಂತಳು.

"ಎಷ್ಟ್ ಸಲ ಬರ್ತೀರಿ?"

"ಕರಿಲಾಕ ಬಂದಿಲ್ಲ ಪೂನಮ್. ಕೇಳ್ಲಾಕ ಬಂದೀನಿ. ಜನವರಿದಾಗ ಏನಾಯ್ತು?"

ಅವಳು ನನ್ನನ್ನು ನೋಡಿದಳು. ಆಮೇಲೆ ಕಟ್ಟೆಯ ಆ ತುದಿಗೆ ಕುಳಿತಳು. ಮೊದಲು ನಿಲ್ಲಿಸಿ ನಿಲ್ಲಿಸಿ ಹೇಳಿದಳು, ಆಮೇಲೆ ನಿಲ್ಲಿಸದೆ ಹೇಳಿದಳು. ನಡುವೆ ಒಂದು ಕಡೆ ನಾನು ಏನೋ ಹೇಳಲು ಹೋದೆ, ಬೇಡ ಎಂದು ಕೈ ಮಾಡಿದಳು. ಸುಮ್ಮನಾದೆ. ಕಡೆಯ ಬಸ್ಸಿನ ಹೊತ್ತಾಗುವವರೆಗೆ ಹೇಳಿದಳು. ಇಬ್ಬರೂ ಅತ್ತೆವು. ಅವಳು ಒಳಗೆ ಹೋದಳು, ನಾನು ಎದ್ದು ಬಸ್ ಸ್ಟ್ಯಾಂಡಿಗೆ ನಡೆದೆ.

ಸೇಡಂ ಬರುವವರೆಗೆ ಅವಳ ಮಾತೇ ಕಿವಿಯಲ್ಲಿತ್ತು. ಅವಳು ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ.